ರಾತ್ರಿ ಏಕೆ ‘ರಾತಿರ’ ಆಯಿತು?

(ಓದಲು ತೊಡಕು ಪಡುವ ಮಕ್ಕಳ ಪರಿಹಾರ ಬೋಧನೆ ಕುರಿತು ಪ್ರಾಥಮಿಕ ಶಾಲೆಯ ಶಿಕ್ಷಕರು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಎರಡೆರಡು ಬಾರಿ ಹೇಳಿದ್ದನ್ನು ಇಲ್ಲಿ ಒಮ್ಮೆಗೆ ಇಳಿಸಿದ್ದೇನೆ. ಕೊನೆಯಲ್ಲಿ ಕೇಳಿಬಂದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ನಾಲ್ಕನೆಯ ತರಗತಿಯ ಒಬ್ಬ ಹುಡುಗನಿಂದ ಶುರು ಮಾಡುತ್ತೇನೆ. ಕಾಗುಣಿತ ಹೇಳು ಎಂದರೆ ಸಾಕು, ಕ ಕಾ ಕಿ ಕೀ ಎಂದು ಉಸಿರು ತೆಗೆದುಕೊಳ್ಳದೆ ಹೇಳುತ್ತಿದ್ದ. ಯಾವ ಅಕ್ಷರದ ಬಳ್ಳಿ ಕೊಟ್ಟರೂ ಸರಿ, ತಪ್ಪಿಲ್ಲ, ತಡವರಿಕೆಯಿಲ್ಲ. ತಪಾಸಣೆಗೆ ಬಂದವರು ಬೆನ್ನು ತಟ್ಟಿ ಹೋಗಿದ್ದರು. ಒಂದು ದಿನ ಕಪ್ಪುಹಲಗೆಯ ಮೇಲೆ ‘ಗೂಡು’ ಎಂದು ಬರೆದು ಓದಲು ಹೇಳಿದೆ. ಹುಡುಗ ಸುಮ್ಮನೆ ನಿಂತ. ಅವನ ತುಟಿ ಮಾತ್ರ ಅಲುಗಾಡುತ್ತಿತ್ತು. ಹತ್ತಿರ ಹೋಗಿ ಕಿವಿಗೊಟ್ಟೆ. ಗ, ಗಾ, ಗಿ, ಗೀ, ಗು, ಗೂ ಎಂದು ಬೆರಳು ಮಡಚುತ್ತಾ ಆರನೆಯ ಮೆಟ್ಟಿಲು ಹತ್ತಿದ್ದ. ಆಮೇಲೆ ಡ, ಡಾ, ಡಿ, ಡೀ, ಡು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಿಂದೆ ಬಿಟ್ಟುಬಂದ ‘ಗೂ’ ಮರೆತುಹೋಗಿತ್ತು. ಮತ್ತೆ ಕೆಳಗಿನಿಂದ ಹತ್ತಬೇಕು. ಎರಡಕ್ಷರದ ಗೂಡಿಗೆ ಹನ್ನೊಂದು ಮೆಟ್ಟಿಲು.

ಅವನಿಗೆ ಅದನ್ನು ಕಲಿಸಿದವಳು ನಾನೇ. ಎರಡು ವರ್ಷ ಅವನಿಂದ ಕಾಗುಣಿತ ಹೇಳಿಸಿದ್ದೆ, ಹತ್ತತ್ತು ಸಲ ಕಾಪಿ ಬರೆಸಿದ್ದೆ. ಹುಡುಗ ನನ್ನ ಮಾತು ಮೀರಲಿಲ್ಲ. ನಾನು ಕಲಿಸಿದ್ದನ್ನು ಚೆನ್ನಾಗಿಯೇ ಕಲಿತಿದ್ದ. ನಾನು ಕಲಿಸಿದ್ದು ಹಾಡು, ಅವನಿಗೆ ಬೇಕಾಗಿದ್ದದ್ದು ಓದು.

ಕನ್ನಡದ ಬಗ್ಗೆ ನಮಗೊಂದು ಹೆಮ್ಮೆಯಿದೆ: ಬರೆದಂತೆ ಓದುತ್ತೇವೆ, ಓದಿದಂತೆ ಬರೆಯುತ್ತೇವೆ. ಇಂಗ್ಲಿಷಿನ ಪಕ್ಕದಲ್ಲಿ ನಿಲ್ಲಿಸಿದರೆ ಈ ಮಾತು ಬಹುಮಟ್ಟಿಗೆ ನಿಜ. ಆದರೆ ಇದೇ ಹೆಮ್ಮೆ ನಮ್ಮ ತರಗತಿಗಳಲ್ಲಿ ಕ್ರೌರ್ಯವಾಗುವುದನ್ನು ನೋಡಿದ್ದೇನೆ. ‘ಇಷ್ಟು ಸುಲಭದ ಲಿಪಿ, ಇದೂ ಬರುವುದಿಲ್ಲವೆಂದರೆ ನಿನ್ನ ತಲೆಯಲ್ಲಿ ಏನಿದೆ?’ ಎನ್ನುವ ಮಾತು ಅಲ್ಲಿಂದಲೇ ಹುಟ್ಟುತ್ತದೆ.

ಸುಲಭವೇ? ಲೆಕ್ಕ ಹಾಕೋಣ. ವರ್ಣಮಾಲೆಯಲ್ಲಿ 49 ಅಕ್ಷರ. ಅದರಲ್ಲಿ 34 ವ್ಯಂಜನ. ಅನುಸ್ವಾರ, ವಿಸರ್ಗ ಸೇರಿಸಿದರೆ ಒಂದೊಂದು ವ್ಯಂಜನಕ್ಕೂ ಹದಿನೈದು ರೂಪ. ಅಲ್ಲಿಗೇ 510 ಆಯಿತು. ಒತ್ತಕ್ಷರಕ್ಕೆ ಇನ್ನೂ ಕೈ ಹಾಕಿಲ್ಲ. ಇಂಗ್ಲಿಷ್ ಮಗು 26 ಆಕಾರಗಳನ್ನು ಗುರುತಿಸಿದರೆ ಆಕಾರದ ಕೆಲಸ ಹೆಚ್ಚುಕಡಿಮೆ ಮುಗಿಯಿತು, ದೊಡ್ಡಕ್ಷರ ಸಣ್ಣಕ್ಷರ ಎಂದರೂ ಅದರ ಎರಡರಷ್ಟು. ನಮ್ಮ ಮಗುವಿಗೆ ಮೂರನೆಯ ತರಗತಿಯಲ್ಲೂ ಹೊಸ ಆಕಾರಗಳು ಎದುರಾಗುತ್ತಲೇ ಇರುತ್ತವೆ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ಅಕ್ಷರಗಳನ್ನು ಕಲಿತು ಮುಗಿಸಲು ಒಂದೆರಡು ವರ್ಷ ಸಾಲದು, ಅಕ್ಷರದೊಳಗಿನ ಬಿಡಿ ಧ್ವನಿಗಳ ಅರಿವು ಇನ್ನೂ ನಿಧಾನವಾಗಿ ಮೂಡುತ್ತದೆ. ನಾವಾದರೋ ಒಂದನೆಯ ತರಗತಿಯಲ್ಲಿ ಅಕ್ಷರ, ಎರಡನೆಯದರಲ್ಲಿ ಕಾಗುಣಿತ, ಮೂರರಲ್ಲಿ ಒತ್ತಕ್ಷರ ‘ಮುಗಿಸಿ’ ಕೈ ತೊಳೆದುಕೊಳ್ಳುತ್ತೇವೆ.

ಓದಿನ ತೊಡಕು ಹೊಸ ಕಾಯಿಲೆಯೇನೂ ಅಲ್ಲ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು ಹದಿನಾಲ್ಕು ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದರು. ಆಟದಲ್ಲಿ ಚುರುಕು, ಮಾತಿನಲ್ಲಿ ಚುರುಕು, ಓದಲು ಮಾತ್ರ ಬಾರದು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಯಲ್ಲಿ ಇವನೇ ಜಾಣನಾಗುತ್ತಿದ್ದ ಎಂದು ಅವನ ಮೇಷ್ಟ್ರೇ ಹೇಳಿದ್ದರಂತೆ. ಮುಂದೆ 1925ರ ಹೊತ್ತಿಗೆ ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಎಂಬ ನರರೋಗ ತಜ್ಞರು ಇಂಥ ಮಕ್ಕಳನ್ನು ಅಭ್ಯಾಸ ಮಾಡಿದರು. ಅವರ ಜೊತೆ ದುಡಿದ ಅನ್ನಾ ಗಿಲ್ಲಿಂಗ್‌ಹ್ಯಾಮ್ ಮತ್ತು ಬೆಸ್ಸಿ ಸ್ಟಿಲ್‌ಮನ್ ಎಂಬ ಇಬ್ಬರು ಶಿಕ್ಷಕಿಯರು ಕಲಿಸುವ ಕ್ರಮವೊಂದನ್ನು ಕಟ್ಟಿದರು. ಇಂದು ‘ರಚನಾಬದ್ಧ ಓದು ಬೋಧನೆ’ ಎಂದು ಕರೆಯುವ ಪದ್ಧತಿಗಳ ಬೇರು ಅಲ್ಲಿದೆ. ಅದರ ತಿರುಳು ಇಷ್ಟು: ಯಾವುದನ್ನೂ ಮಗು ತಾನೇ ಊಹಿಸಿಕೊಳ್ಳಲಿ ಎಂದು ಬಿಡಬೇಡ, ಬಾಯಿಬಿಟ್ಟು ಹೇಳಿಕೊಡು. ಸುಲಭದಿಂದ ಕಷ್ಟಕ್ಕೆ ಒಂದೊಂದೇ ಮೆಟ್ಟಿಲು ಇಡು. ನಿನ್ನೆಯದನ್ನು ಇಂದು ಮತ್ತೆ ತಾ. ಕಣ್ಣು, ಕಿವಿ, ಬಾಯಿ, ಕೈ ಒಟ್ಟಿಗೆ ದುಡಿಯಲಿ. ಮಗು ಎಲ್ಲಿ ಎಡವಿತೋ ಅಲ್ಲಿಂದ ಮುಂದಿನ ಪಾಠ.

ಇದನ್ನು ಕೇಳಿದಾಗ ನನಗೆ ನೆನಪಾಗಿದ್ದು ನಮ್ಮ ಅಜ್ಜ. ಅವರು ಕೂಲಿಮಠದಲ್ಲಿ, ಅಂದರೆ ಹಳೆಯ ಕಾಲದ ಊರ ಶಾಲೆಯಲ್ಲಿ, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದವರು. ಬೆರಳು ಆಡುವಾಗ ಬಾಯಿ ಸುಮ್ಮನಿರುವ ಹಾಗಿಲ್ಲ. ‘ತಲಕಟ್ಟು ಕ, ಇಳಿ ಕಾ, ಗುಡಿಸು ಕಿ, ಕೊಂಬು ಕು, ವಟ್ರಸುಳಿ ಕೃ, ಏತ್ವ ಕೆ’ ಎಂದು ಪ್ರತಿ ಗುರುತಿಗೂ ಅದರದೇ ಹೆಸರು. ಈ ಹೆಸರುಗಳು ಎಷ್ಟು ಬೆಲೆಬಾಳುವಂಥವು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಹೆಸರಿದ್ದರೆ ಆ ಗುರುತು ಅಕ್ಷರದಿಂದ ಬಿಡಿಯಾಗಿ ಕಣ್ಣಿಗೆ ಬೀಳುತ್ತದೆ. ‘ಇಳಿ’ ಎಂಬುದು ಕ-ದ ಸ್ವತ್ತಲ್ಲ, ಅದು ಗ-ಕ್ಕೂ ಬರುತ್ತದೆ, ರ-ಕ್ಕೂ ಬರುತ್ತದೆ, ಬಂದಲ್ಲೆಲ್ಲ ‘ಆ’ ಎನ್ನುತ್ತದೆ. ನಾವು ಹೆಸರುಗಳನ್ನು ಕೈಬಿಟ್ಟು ರಾಗವನ್ನು ಮಾತ್ರ ಉಳಿಸಿಕೊಂಡೆವು. ಹಾಗೆಂದು ಕೂಲಿಮಠವನ್ನು ಕೊಂಡಾಡಲು ನಾನು ಇಲ್ಲಿ ನಿಂತಿಲ್ಲ. ಅಲ್ಲಿ ಕೋದಂಡವೆಂಬ ಶಿಕ್ಷೆಯೂ ಇತ್ತು, ಊರಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಒಳಗೆ ಜಾಗವೂ ಇರಲಿಲ್ಲ.

ಆ ಹುಡುಗನೊಂದಿಗೆ ನಾನು ಮಾಡಿದ ಮೊದಲ ಕೆಲಸ, ಕಾಗುಣಿತವನ್ನು ಅಡ್ಡಡ್ಡ ಓದುವುದನ್ನು ನಿಲ್ಲಿಸಿದ್ದು. ಕ-ದ ಇಡೀ ಸಾಲು ಬೇಡ. ನಲಿಕಲಿ ತರಗತಿ ನಡೆಸಿದವರಿಗೆ ‘ರ ಗ ಸ ದ ಅ’ ಗೊತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ಆ ಪದ್ಧತಿ ವರ್ಣಮಾಲೆಯ ಕ್ರಮವನ್ನು ಬದಿಗಿಟ್ಟು ಬರೆಯಲು ಸುಲಭವಾದ, ಬೇಗ ಪದವಾಗುವ ಅಕ್ಷರಗಳಿಂದ ಶುರು ಮಾಡಿತು. ಅದು ಜಾಣತನದ ಕೆಲಸ. ಐದೇ ಅಕ್ಷರದಲ್ಲಿ ಸರ, ದರ, ಅರಸ, ಗರಗಸ ಬಂದುಬಿಡುತ್ತವೆ. ಈ ಐದಕ್ಕೆ ನಾನು ಇಳಿ ಒಂದನ್ನೇ ಸೇರಿಸಿದೆ: ರಾ, ಗಾ, ಸಾ, ದಾ. ಕೂಡಲೇ ದಾರ, ರಾಗ, ದಾಸ, ಸಾಗರ. ಒಂದು ವಾರ ಇಳಿ ಬಿಟ್ಟು ಬೇರೆ ಮಾತೇ ಇಲ್ಲ. ಅದು ಗಟ್ಟಿಯಾದ ಮೇಲೆ ಗುಡಿಸು. ಆಮೇಲೆ ಕೊಂಬು. ಮೆಟ್ಟಿಲು ಹತ್ತುವ ಅಭ್ಯಾಸ ತಾನಾಗಿ ಬಿಟ್ಟುಹೋಯಿತು, ಏಕೆಂದರೆ ಹತ್ತಲು ಅಲ್ಲಿ ಮೆಟ್ಟಿಲೇ ಇರಲಿಲ್ಲ.

ಕಲಿತ ಅಕ್ಷರಗಳಲ್ಲೇ ಓದಲು ಏನಾದರೂ ಬೇಕಲ್ಲ? ಪಠ್ಯಪುಸ್ತಕದ ಎರಡನೆಯ ಪಾಠಕ್ಕೆ ಬರುವಷ್ಟರಲ್ಲಿ ಒತ್ತಕ್ಷರಗಳ ಜಾತ್ರೆ. ಹಾಗಾಗಿ ನಾನೇ ಬರೆಯತೊಡಗಿದೆ. ‘ನ’ ಸೇರಿದ ದಿನ ‘ಅರಸನ ಗರಗಸ’ ಎಂದು ಬರೆದೆ. ಹುಡುಗ ಓದಿದ, ಸ್ವಲ್ಪ ಹೊತ್ತು ಅದನ್ನೇ ನೋಡಿ ಕೇಳಿದ: ‘ಮಿಸ್, ಅರಸನಿಗೆ ಗರಗಸ ಏಕೆ?’ ನಾಲ್ಕು ವರ್ಷದ ಶಾಲೆಯಲ್ಲಿ ತಾನು ಓದಿದ್ದರ ಬಗ್ಗೆ ಅವನು ಕೇಳಿದ ಮೊದಲ ಪ್ರಶ್ನೆ ಅದು. ಉತ್ತರ ನನ್ನ ಬಳಿಯೂ ಇರಲಿಲ್ಲ. ಇಬ್ಬರೂ ಸೇರಿ ಅರಸನಿಗೊಂದು ಮುರಿದ ಸಿಂಹಾಸನ ಮಾಡಿಕೊಟ್ಟೆವು.

ಇಂಥ ಓದು ಪಠ್ಯಗಳ ಬಗ್ಗೆ ‘ಸಾಹಿತ್ಯ ಎಲ್ಲಿದೆ ಇದರಲ್ಲಿ?’ ಎಂದು ಕೇಳುವವರಿದ್ದಾರೆ. ಸಾಹಿತ್ಯವನ್ನು ಅವನಿಗೆ ನಾನು ಓದಿ ಹೇಳುತ್ತಿದ್ದೆ, ದಿನವೂ. ಕಿವಿಗೆ ದೊಡ್ಡ ಕತೆ, ಕಣ್ಣಿಗೆ ಚಿಕ್ಕ ವಾಕ್ಯ. ಎರಡೂ ಒಂದೇ ಪುಸ್ತಕದಿಂದಲೇ ಬರಬೇಕು ಎಂದು ಹಟ ಹಿಡಿದರೆ ಮಗು ಊಹೆಗೆ ಇಳಿಯುತ್ತದೆ. ಚಿತ್ರದಲ್ಲಿ ಹಸು ಇದ್ದರೆ ಪದ ‘ಹಸು’ ಆಗಿದ್ದರೂ ‘ದನ’ ಎನ್ನುತ್ತದೆ. ಇನ್ನು ಕೆಲವರು ಇಡೀ ಪಾಠವನ್ನೇ ಬಾಯಿಪಾಠ ಮಾಡಿರುತ್ತಾರೆ. ಬಾಯಿ ಮೂರನೆಯ ಸಾಲಿನಲ್ಲಿರುತ್ತದೆ, ಬೆರಳು ಐದನೆಯದರಲ್ಲಿ. ಅನುಮಾನ ಬಂದರೆ ಚಿತ್ರದ ಮೇಲೆ ಕೈ ಮುಚ್ಚಿ, ಕೊನೆಯ ಪದದಿಂದ ಹಿಂದಕ್ಕೆ ಓದಿಸಿ ನೋಡಿ. ಅಮೆರಿಕದಲ್ಲಿ ಊಹಿಸಿ ಓದಲಿ ಎನ್ನುವವರಿಗೂ ಅಕ್ಷರ–ಧ್ವನಿ ಕಲಿಸಿ ಎನ್ನುವವರಿಗೂ ದಶಕಗಟ್ಟಲೆ ಜಗಳ ನಡೆಯಿತು. 2000ರಲ್ಲಿ ಅಲ್ಲಿನ ರಾಷ್ಟ್ರೀಯ ಓದು ಸಮಿತಿ ಸಂಶೋಧನೆಗಳನ್ನೆಲ್ಲ ಸೋಸಿ, ಅಕ್ಷರ–ಧ್ವನಿ ಸಂಬಂಧವನ್ನು ಕ್ರಮವಾಗಿ ಕಲಿಸುವುದರಿಂದ ಲಾಭವಿದೆ ಎಂದು ಹೇಳಿತು. ಜಗಳ ಅಷ್ಟಕ್ಕೇ ನಿಲ್ಲಲಿಲ್ಲ ಎನ್ನುವುದು ಬೇರೆ ಮಾತು.

ಆದರೆ ಅಲ್ಲಿನ ಪೆಟ್ಟಿಗೆಯನ್ನು ಹಾಗೆಯೇ ತಂದು ಇಲ್ಲಿ ಬಿಚ್ಚುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ನಮ್ಮ ಮಗುವಿಗೆ ಮೊದಲು ಕೈಗೆ ಸಿಗುವುದು ಅಕ್ಷರ, ಅಂದರೆ ವ್ಯಂಜನ ಸ್ವರ ಕೂಡಿದ ತುಣುಕು. ‘ನವಿಲು’ ಪದಕ್ಕೆ ಮೂರು ಚಪ್ಪಾಳೆ ತಟ್ಟು ಎಂದರೆ ಎಲ್ಲ ಮಕ್ಕಳೂ ತಟ್ಟುತ್ತಾರೆ. ‘ಕಾ’ದಲ್ಲಿ ಎರಡು ಧ್ವನಿಗಳಿವೆ ಎಂದರೆ ದೊಡ್ಡವರೇ ತಬ್ಬಿಬ್ಬಾಗುತ್ತಾರೆ. ಹಾಗಾಗಿ ಚಪ್ಪಾಳೆಯಿಂದ ಶುರು ಮಾಡಿ, ಬಾಯಾಟದಿಂದ ಒಳಗಿನ ಧ್ವನಿಗೆ ಇಳಿಯುವುದು ನನ್ನ ದಾರಿ. ‘ಕಾಲು’ ಹೇಳು. ಈಗ ಆ ತೆಗೆದು ಓ ಹಾಕು. ‘ಕೋಲು.’ ಈ ಹಾಕು. ‘ಕೀಲು.’ ಪುಸ್ತಕ ಬೇಡ, ಹಲಗೆ ಬೇಡ, ಊಟದ ಸಾಲಿನಲ್ಲಿ ನಿಂತಾಗಲೂ ಆಡಬಹುದು. ಬಳೆ–ಬಾಳೆ, ಹಳೆ–ಹಾಳೆ, ಕೊಡು–ಕೋಡು, ಬಿಡು–ಬೀಡು: ಹ್ರಸ್ವ ದೀರ್ಘ ಕಿವಿಯಲ್ಲಿ ಬೇರೆಯಾಗದಿದ್ದರೆ ಉಕ್ತಲೇಖನದಲ್ಲಿ ಕೆಂಪು ಶಾಯಿ ಸುರಿದು ಏನೂ ಪ್ರಯೋಜನವಿಲ್ಲ.

ಈಗ ನಮ್ಮ ಲಿಪಿಯ ಗುಂಡಿಗಳಿಗೆ ಬರುತ್ತೇನೆ. ತೊಡಕಿಲ್ಲದ ಮಕ್ಕಳು ಇವುಗಳ ಮೇಲೆ ಹಾರಿ ಹೋಗುತ್ತಾರೆ, ಆದ್ದರಿಂದ ಅಲ್ಲಿ ಗುಂಡಿ ಇದೆ ಎಂಬುದೇ ನಮಗೆ ಕಾಣುವುದಿಲ್ಲ.

ಕೊಂಬು ಸಾಮಾನ್ಯವಾಗಿ ಅಕ್ಷರದ ಬಲಕ್ಕೆ ಬರುತ್ತದೆ: ಕು, ಗು, ನು. ಪ, ಫ ಮತ್ತು ವ ಬಂದಾಗ ಮಾತ್ರ ಕೆಳಗೆ ಇಳಿಯುತ್ತದೆ: ಪು, ಫು, ವು. ಏಕೆ? ವ-ದ ಬಲಕ್ಕೆ ಕೊಂಬು ಅಂಟಿಸಿ ನೋಡಿ, ಅದು ‘ಮ’ ಆಗಿಬಿಡುತ್ತದೆ. ಈ ಕಾರಣವನ್ನು ಹೇಳಿದರೆ ಮಕ್ಕಳ ಮುಖ ಅರಳುತ್ತದೆ. ಹೇಳದಿದ್ದರೆ ಅದು ಇನ್ನೊಂದು ಸುಮ್ಮನೆ ನೆನಪಿಡಬೇಕಾದ ವಿಚಿತ್ರ. ಹಾಗೆಯೇ ಕೊ, ಗೊ ಕಲಿತ ಮಗು ಮೊಲದ ‘ಮೊ’ ನೋಡಿ ನಿಲ್ಲುತ್ತದೆ, ಅಲ್ಲಿ ಓತ್ವದ ವೇಷವೇ ಬೇರೆ. ದ, ಧ, ಥ ಒಂದು ಸೀಳಿನಲ್ಲಿ, ಒಂದು ಚುಕ್ಕೆಯಲ್ಲಿ ಬೇರೆ. ರ ಮತ್ತು ಠ ಹಾಗೆಯೇ. ಇಂಥವನ್ನು ಒಂದೇ ದಿನ ಜೋಡಿಯಾಗಿ ಕಲಿಸಬೇಡಿ. ಒಂದು ಗಟ್ಟಿಯಾಗಿ ಕೆಲವು ವಾರ ಕಳೆಯಲಿ, ಆಮೇಲೆ ಅದರ ತಮ್ಮ ಬರಲಿ.

ಒತ್ತಕ್ಷರದಲ್ಲಿ ಸಜಾತೀಯ ಮೊದಲು, ಅಂದರೆ ಅಕ್ಷರಕ್ಕೆ ಅದರದೇ ಒತ್ತು. ನನ್ನ ಹುಡುಗ ಒಮ್ಮೆ ‘ಅಜ್ಜಿ ಕತೆ ಹೇಳಿದಳು’ ಎಂಬುದನ್ನು ‘ಅಜಿ ಕತ್ತೆ ಹೇಳಿದಳು’ ಎಂದು ಓದಿದ. ಇದ್ದ ಒತ್ತನ್ನು ಬಿಟ್ಟು, ಇಲ್ಲದ ಕಡೆ ಹಾಕಿದ್ದ. ತರಗತಿ ನಕ್ಕಿತು. ನಾನೂ ನಕ್ಕೆ, ಅವನೂ ನಕ್ಕ. ಆ ದಿನದ ಪಾಠ ಅಲ್ಲಿಯೇ ಸಿಕ್ಕಿತು: ಕತೆ–ಕತ್ತೆ, ಹಳಿ–ಹಳ್ಳಿ, ಬಳಿ–ಬಳ್ಳಿ, ಬೆಣೆ–ಬೆಣ್ಣೆ. ಒತ್ತು ಬಂದಲ್ಲಿ ಮೇಜು ಕುಟ್ಟುವುದು. ಇನ್ನೊಂದು ಮಾತು. ಅಕ್ಕ, ಅಪ್ಪ ಪದಗಳಲ್ಲಿ ಒತ್ತು ನೋಡಲು ತನ್ನ ಅಕ್ಷರದಂತೆಯೇ ಇರುತ್ತದೆ, ತಲಕಟ್ಟು ಮಾತ್ರ ಇಲ್ಲ. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತಿಗೂ ಮೂಲಕ್ಕೂ ಹೋಲಿಕೆಯೇ ಇಲ್ಲ. ಮಗು ಬರೆಯಲು ಆಸೆಪಡುವ ಮೊದಲ ಪದ ಅಮ್ಮ. ಆ ಪದದಲ್ಲೇ ನಾವು ಗುಂಡಿ ತೋಡಿಟ್ಟಿದ್ದೇವೆ.

ಇನ್ನು ತಲೆಬರಹದಲ್ಲಿರುವ ರಾತ್ರಿ. ಈ ಪದವನ್ನು ‘ರಾ-ತಿ-ರ’ ಎಂದು ಓದುವ ಮಗುವನ್ನು ನೀವೆಲ್ಲ ಕಂಡಿದ್ದೀರಿ. ‘ಗಮನ ಕೊಡುವುದಿಲ್ಲ’ ಎಂದು ಬೈದಿದ್ದೇವೆ. ನಿಜ ಹೇಳಬೇಕೆಂದರೆ ಆ ಮಗು ನಮಗಿಂತ ಹೆಚ್ಚು ಗಮನ ಕೊಟ್ಟಿದೆ. ಗುಡಿಸು ಕಣ್ಣಿಗೆ ಕಾಣುವುದು ತ-ದ ತಲೆಯ ಮೇಲೆ, ಕೆಳಗೆ ರ ಒತ್ತು. ಕಂಡ ಹಾಗೆ ಓದಿದರೆ ‘ತಿ’, ಆಮೇಲೆ ‘ರ’. ನಾವು ಓದಬೇಕಾದ ಕ್ರಮವೇ ಬೇರೆ: ತ್, ರ್, ಕೊನೆಗೆ ಇ. ಬರೆದಂತೆ ಓದುವ ಭಾಷೆ ಎಂದು ನಾವೇ ಹೇಳಿಕೊಟ್ಟು, ಬರೆದಂತೆ ಓದಿದವನಿಗೆ ಏಟು ಕೊಡುತ್ತೇವೆ. ಸೂರ್ಯನದೂ ಇದೇ ಗೋಳು. ಅರ್ಕಾವೊತ್ತು ಬರೆಯುವುದು ಯ ಆದ ಮೇಲೆ, ನುಡಿಯುವುದು ಯ-ಕ್ಕಿಂತ ಮೊದಲು. ಹುಡುಗ ‘ಸೂಯ್ರ’ ಎನ್ನುತ್ತಿದ್ದ. ನಾನು ಬೆರಳಿನ ದಾರಿ ಹಾಕಿಕೊಟ್ಟೆ. ಮೇಲಿನ ಅಕ್ಷರವನ್ನು ಮುಟ್ಟಿ ಅರ್ಧ ನುಡಿ, ಕೆಳಗಿನ ಒತ್ತಿಗೆ ಇಳಿ, ಮತ್ತೆ ಮೇಲೇರಿ ಗುಣಿತದ ಗುರುತನ್ನು ಮುಟ್ಟಿ ಪೂರ್ತಿ ನುಡಿ. ಅರ್ಕಾವೊತ್ತು ಕಂಡರೆ ಬೆರಳು ಹಿಂದಕ್ಕೆ ನೆಗೆಯಬೇಕು. ಮರಳಿನ ತಟ್ಟೆಯಲ್ಲಿ, ಬೆಂಚಿನ ಮೇಲೆ, ಒಬ್ಬರ ಬೆನ್ನಿನ ಮೇಲೆ ಒಬ್ಬರು ಬರೆದು ಹೀಗೆ ಆಡಿದೆವು. ನಾಲ್ಕು ವಾರ ಹಿಡಿಯಿತು. ಪುಸ್ತಕ, ಶಕ್ತಿ, ಮಿತ್ರ, ಕರ್ನಾಟಕ ಎಲ್ಲವೂ ಒಂದೇ ದಾರಿಯಲ್ಲಿ ಬಂದವು.

ಕೊನೆಯ ಏರು ಉದ್ದ ಪದಗಳದು. ಕನ್ನಡದ ಪದಕ್ಕೆ ಬಾಲದ ಮೇಲೆ ಬಾಲ. ಸಂಧಿಯನ್ನು ನಾವು ಹೈಸ್ಕೂಲಿನಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಇಟ್ಟಿದ್ದೇವೆ. ನನಗೆ ಅದು ಓದು ಕಲಿಸುವ ಸಾಧನ. ‘ಮನೆಯಲ್ಲಿ’ ಅಂದರೆ ಮನೆ, ಅಲ್ಲಿ, ನಡುವೆ ಅಂಟು ಹಾಕಲು ಬಂದ ಯ. ‘ಗುರುವನ್ನು’ ಅಂದರೆ ಗುರು, ಅನ್ನು, ಅಂಟು ವ. ಆಗಮ ಸಂಧಿ ಎಂಬ ಹೆಸರು ಆಮೇಲೆ ಬರಲಿ. ಪದವನ್ನು ಪೆನ್ಸಿಲಿನಿಂದ ಕತ್ತರಿಸಿ, ಬುಡ ಯಾವುದು ಬಾಲ ಯಾವುದು ಎಂದು ಕಂಡರೆ ‘ಹುಡುಗರನ್ನು’ ಏಳು ಬೆಟ್ಟದಂತೆ ಕಾಣುವುದಿಲ್ಲ. ಅಲ್ಲಿಂದ ಮುಂದೆ ಓದಿನ ವೇಗ. ಒಂದೇ ಪುಟ್ಟ ಭಾಗವನ್ನು ಮೂರ್ನಾಲ್ಕು ದಿನ ಮತ್ತೆ ಮತ್ತೆ ಓದಿಸಿದೆ, ಅಷ್ಟೇ. ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ.

ಒಂದು ಎಚ್ಚರಿಕೆ. ಎಲ್ಲ ತಪ್ಪೂ ತೊಡಕಲ್ಲ. ಹಾಲನ್ನು ‘ಆಲು’ ಎನ್ನುವ ಸೀಮೆಯ ಮಗು ‘ಆಲು’ ಎಂದೇ ಬರೆದರೆ ಅದರ ಕಿವಿ ಸರಿಯಾಗಿದೆ ಎಂದರ್ಥ. ಮನೆಯಲ್ಲಿ ತುಳು, ಉರ್ದು, ಲಂಬಾಣಿ, ತೆಲುಗು ಆಡುವ ಮಗುವಿಗೆ ಪದವೇ ಹೊಸತು. ಅಲ್ಲಿ ಬೇಕಾದದ್ದು ಮಾತು. ಆದರೆ ಕ್ರಮವಾಗಿ ಕಲಿಸಿಯೂ ತಿಂಗಳುಗಟ್ಟಲೆ ಓದು ಕದಲದಿದ್ದರೆ ಪರೀಕ್ಷೆ ಮಾಡಿಸಿ. ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಎಂಬ ಡಿಸ್ಲೆಕ್ಸಿಯಾ (ಓದಿನ ತೊಡಕು) ಪರೀಕ್ಷಾ ಸಾಧನ ಕನ್ನಡದಲ್ಲೂ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ನುರಿತವರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸಿದ 21 ಬಗೆಗಳಲ್ಲಿ, ಓದಿನ ತೊಡಕನ್ನು ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯ ಕೇಳಬಹುದು. ಕಾಗದ ಬಂದ ಮೇಲೆ ಕಲಿಸುವುದನ್ನು ನಿಲ್ಲಿಸಿಬಿಡುವ ಶಾಲೆಗಳನ್ನೂ ಕಂಡಿದ್ದೇನೆ, ಅದಕ್ಕೇ ಈ ಮಾತನ್ನು ಕೊನೆಯಲ್ಲಿ ಹೇಳುತ್ತಿದ್ದೇನೆ.

ಒಬ್ಬ ತಾಯಿ ಕೇಳಿದರು: ‘ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಹೇಗೆ ಮೇಡಂ? ಅಲ್ಲಿ 26 ಅಕ್ಷರ ತಾನೇ?’

ಅಮ್ಮಾ, 26 ಅಕ್ಷರಗಳು ಹೊರುವ ಧ್ವನಿಗಳು ಸುಮಾರು 44. ‘ಸಿ’ ಎಂಬ ಒಂದೇ ಅಕ್ಷರ ಕ್ಯಾಟ್‌ನಲ್ಲಿ ಕ ಎನ್ನುತ್ತದೆ, ಸಿಟಿಯಲ್ಲಿ ಸ ಎನ್ನುತ್ತದೆ. ತೊಡಕು ಇರುವುದು ಮಗುವಿನ ಜೊತೆಯಲ್ಲಿ, ಶಾಲೆ ಬದಲಿಸಿದರೆ ಅದೂ ಚೀಲದಲ್ಲಿ ಕೂತು ಜೊತೆಗೇ ಬರುತ್ತದೆ. ಮನೆಯಲ್ಲಿ ಆಡುವ ಮಾತಿನ ಲಿಪಿಯಲ್ಲಿ ಓದು ಒಮ್ಮೆ ಬಂದರೆ, ಓದುವುದು ಎಂದರೇನು ಎಂಬುದಾದರೂ ಗೊತ್ತಾಗಿರುತ್ತದೆ. ಅಲ್ಲಿಂದ ಇಂಗ್ಲಿಷಿಗೆ ಹೋಗುವುದು ಕಡಿಮೆ ಕಷ್ಟ ಎಂಬುದು ನನ್ನ ಅನುಭವ.

ಹಿಂದಿನ ಸಾಲಿನ ಒಬ್ಬ ಮೇಷ್ಟ್ರು ಎದ್ದರು: ‘ನಲವತ್ತು ಮಕ್ಕಳು, ಎರಡು ತರಗತಿ, ಭರ್ತಿ ಮಾಡಬೇಕಾದ ವಹಿಗಳು. ಇದಕ್ಕೆಲ್ಲ ಪುರುಸೊತ್ತು ಎಲ್ಲಿದೆ?’

ಇಲ್ಲ, ಸಾರ್. ನನಗೂ ಇರಲಿಲ್ಲ. ದಿನಕ್ಕೆ ಹದಿನೈದು ನಿಮಿಷ, ಒಂದೇ ಜಾಗದಲ್ಲಿ ಎಡವುವ ನಾಲ್ಕೈದು ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಳ್ಳುತ್ತಿದ್ದೆ. ಆ ಹೊತ್ತಿನಲ್ಲಿ ಉಳಿದವರು ಗಲಾಟೆ ಮಾಡುತ್ತಿದ್ದರು. ಮಾಡಲಿ ಎಂದು ಬಿಟ್ಟೆ. ಯಾರು ಎಲ್ಲಿ ಎಡವುತ್ತಾರೆ ಎಂದು ತಿಳಿಯಲು ಹತ್ತು ಪದ ಸಾಕು, ಬೇಕಾದರೆ ಬರೆದುಕೊಳ್ಳಿ: ಬಳೆ, ಬಾಳೆ, ಕೊಡು, ಕೋಡು, ಹಾವು, ಮೊಲ, ಕತ್ತೆ, ಅಮ್ಮ, ರಾತ್ರಿ, ಸೂರ್ಯ. ಒಬ್ಬೊಬ್ಬರನ್ನೇ ಕರೆದು ಓದಿಸಿ. ತಿದ್ದಬೇಡಿ, ಮುಖ ಸಿಂಡರಿಸಬೇಡಿ. ಮಗು ಏನು ಹೇಳಿತೋ ಅದನ್ನು ಹೇಳಿದ ಹಾಗೆಯೇ ಪದದ ಪಕ್ಕದಲ್ಲಿ ಬರೆದುಕೊಳ್ಳಿ. ಪೆನ್ಸಿಲ್ ಇರಲಿ, ಕೆಂಪು ಪೆನ್ನು ಮಾತ್ರ ಬೇಡ, ಅದು ಕಂಡರೆ ಅವರ ಬಾಯಿ ಕಟ್ಟಿಹೋಗುತ್ತದೆ.